ಗುಡ್ಲಲ್ಲಿ ಬರೆದ ಕಾಗದ

ಮುಳ್ಳುಸೋಗೆ,
ಫ್ರೇಜರ್‌ಪೇಟೆ ಅಂಚೆ, ಕೊಡಗು ರಾಜ್ಯ
೧೪-೧೧-೧೯೫೪, ಭಾನುವಾರ

ಚಿರಂಜೀವಿ ತಮ್ಮ ಪುಟ್ಟರಾಜುವಿಗೆ ಅಕ್ಕ ಲಿಂಗಮ್ಮನ ಆಶೀರ್ವಾದ. ಅವ್ವನಿಗೆ ನನ್ನ ನಮಸ್ಕಾರ ಹೇಳು.

ಇದಾದ ಮೇಲೆ 'ಇಲ್ಲಿ ನಾವೆಲ್ಲ ಕ್ಷೇಮ' ಎಂದು ಬರೆಯಬೇಕು. ವನಜ ಯಾವಾಗಲೂ ಹಾಗೆಯೇ ಬರೆಯುತ್ತಿದ್ದಳು, ನಾನು ಹೇಳದಿದ್ದರೂ. ನನ್ನ ಕೈ ಅಲ್ಲಿಗೆ ಬಂದು ನಿಂತುಬಿಟ್ಟಿತು. ಆ ಸಾಲನ್ನು ಬಿಟ್ಟು ಮುಂದಕ್ಕೆ ಬರೆಯುತ್ತಿದ್ದೇನೆ.

ಅಕ್ಷರ ನೋಡಿಯೇ ನಿನಗೆ ಗೊತ್ತಾಗಿರುತ್ತದೆ, ಇದು ನನ್ನ ಮಗಳ ಕೈ ಅಲ್ಲ. ಐದು ವರ್ಷದಿಂದ ನಿನಗೆ ಬಂದ ಕಾಗದಗಳೆಲ್ಲ ನಾನು ಹೇಳಿದ್ದು, ವನಜ ಬರೆದದ್ದು. ನಾನು ಮೂರನೇ ಕ್ಲಾಸಿಗೆ ಸ್ಲೇಟು ಬಿಟ್ಟವಳು. ಓದುವುದೇನೋ ಓದುತ್ತೇನೆ, ಬರೆಯಲು ಕೂತರೆ ಒತ್ತಕ್ಷರಗಳು ಎಲ್ಲೆಲ್ಲಿಗೋ ಹೋಗುತ್ತವೆ. ಈ ಹಾಳೆಗಳನ್ನು ಪೇಟೆಯಿಂದ ತರಿಸಿದೆ, ಅವಳ ನೋಟುಪುಸ್ತಕದಿಂದ ಹರಿಯಲು ಮನಸ್ಸು ಬರಲಿಲ್ಲ. ನೋಡಿ ನಗಬೇಡ. ನಕ್ಕರೂ ನನಗೆ ತಿಳಿಸಬೇಡ.

ನಿನ್ನ ಕಾಗದ ದೀಪಾವಳಿಯ ಮಾರನೆಯ ದಿನವೇ ಬಂತು. ಹದಿನೆಂಟು ದಿನದಿಂದ ದೀಪದ ಗೂಡಿನಲ್ಲಿ ಇದೆ. ಅವ್ವನ ಮಂಡಿನೋವು, ನೀನು ತಂದ ಹೊಸ ಎತ್ತುಗಳು, ಎಲ್ಲ ಓದಿದೆ. ಹೋದ ಸಲದ ಕಾಗದದ ಅಕ್ಷರ ಬಹಳ ಮುದ್ದಾಗಿತ್ತು, ಊರವರಿಗೆಲ್ಲ ತೋರಿಸಿದೆ ಎಂದು ಬರೆದಿದ್ದೀಯ. ಮಾಘದಲ್ಲಿ ಲಗ್ನ ಇಟ್ಟುಕೊಳ್ಳೋಣವೇ ಎಂದು ಕೇಳಿದ್ದೀಯ. ವನಜ ತೊಟ್ಟಿಲಲ್ಲಿದ್ದಾಗಲೇ ಅವ್ವ 'ಇವಳು ನಮ್ಮ ಪುಟ್ಟನಿಗೆ' ಎಂದದ್ದು, ನಾನು ಹೂಂ ಎಂದದ್ದು ಇಬ್ಬರ ಮನೆಯಲ್ಲೂ ಎಲ್ಲರಿಗೂ ಗೊತ್ತಿರುವ ಮಾತು. ಉತ್ತರ ಬರೆಯದೆ ಇದ್ದದ್ದು ಸೊಕ್ಕಿನಿಂದಲ್ಲ ತಮ್ಮ. ಏನು ಬರೆಯಬೇಕೋ ತಿಳಿಯಲಿಲ್ಲ. ಈಗಲೂ ತಿಳಿದಿದೆ ಅಂತ ಅಲ್ಲ.

ಗದ್ದೆ ಹಳದಿಗೆ ತಿರುಗಿದೆ. ಈ ವರ್ಷ ಹೊಳೆ ನಮ್ಮ ಕೆಳಗಿನ ಪಾತಿಯನ್ನು ಮುಳುಗಿಸದೆ ಬಿಟ್ಟು ಉಪಕಾರ ಮಾಡಿತು. ಎಮ್ಮೆ ಹೆಣ್ಣುಗರು ಹಾಕಿದೆ. ನಮ್ಮ ಮನೆಯಲ್ಲಿ ಕರುಗಳಿಗೆ ಹೆಸರಿಡುವವಳು ವನಜ. ಇನ್ನೂ ಇಟ್ಟಿಲ್ಲ, ನಾವೆಲ್ಲ 'ಕರು, ಕರು' ಎಂದೇ ಕರೆಯುತ್ತಿದ್ದೇವೆ.

ಹೇಳಬೇಕಾದದ್ದು ಅವಳ ವಿಷಯವೇ. ಸುತ್ತಿ ಬಳಸಿ ಅಲ್ಲಿಗೇ ಬರುತ್ತೇನೆ.

ಭಾದ್ರಪದದಲ್ಲಿ ಅವಳು ಮೈನೆರೆದಾಗ ನೀನು ಬಂದು ಹಸಿರು ಗುಡ್ಲು ಹಾಕಿಕೊಟ್ಟೆಯಲ್ಲ, ಆ ಎರಡು ದಿನ ಅವಳು ಹೇಗಿದ್ದಳು ಎಂದು ನೀನೇ ನೋಡಿದ್ದೀಯ. ಸೋದರಮಾವನ ಕೈಯಿಂದಲೇ ಗುಡ್ಲು ಆಗಬೇಕು ಎಂದು ನೀನು ಹೊಳೆ ದಾಟಿ ಓಡಿ ಬಂದಿದ್ದೆ. ಹೊಂಗೆಯ ಕೊಂಬೆ ನೆಟ್ಟು ಗರಿ ಹೊದಿಸುವಾಗ ಅವಳು ನಿನಗೆ "ಮಾವ, ಹನ್ನೊಂದ್ ದಿನ ಕತ್ತಲಲ್ಲಿ ಕೂರಕಾಗಲ್ಲ, ಒಂದು ಕಿಟಕಿ ಮಡಗು" ಎಂದಳು. ನೀನು ನಗುತ್ತ ಸೊಪ್ಪು ಸರಿಸಿ ಕಿಂಡಿ ಬಿಟ್ಟೆ. ಗುಡ್ಲಿಗೆ ಕಿಟಕಿ ಇಟ್ಟವರನ್ನು ಎಲ್ಲಿ ಕಂಡಿದ್ದೀಯೋ ಎಂದು ನಾನು ಬೈದೆ. ನೀನು ಊರಿಗೆ ಹೋದ ಮೇಲೂ ಒಂದು ವಾರ ಚೆನ್ನಾಗಿದ್ದಳು. ಆ ಕಿಂಡಿಯಲ್ಲಿ ಮುಖ ಇಟ್ಟು ಬೀದಿಯಲ್ಲಿ ಹೋಗುವವರನ್ನೆಲ್ಲ ಮಾತಾಡಿಸುತ್ತಿದ್ದಳು.

ಹನ್ನೊಂದನೆಯ ದಿನ ಗುಡ್ಲು ಕಿತ್ತು, ಊರಾಚೆಗೆ ಒಯ್ದು ಸುಟ್ಟು, ನೀರು ಹಾಕಿ, ಆರತಿ ಎತ್ತಿ ಒಳಗೆ ಕರೆದುಕೊಂಡೆವು. ಒಳಗೆ ಬಂದ ಹುಡುಗಿ ಮಾತು ಬಿಟ್ಟಿದ್ದಳು. ನಾಚಿಕೆ ಎಂದುಕೊಂಡೆ. ನಾಚಿಕೆ ಎಷ್ಟು ದಿನ ಇದ್ದೀತು, ಎರಡು ದಿನ, ನಾಲ್ಕು ದಿನ. ಎರಡು ತಿಂಗಳಾಯಿತು ಪುಟ್ಟರಾಜು. ಹೂಂ, ಉಹೂಂ ಅಷ್ಟೇ. ಮುದ್ದೆ ಮುರಿದು ಹಾಗೇ ಇಡುತ್ತಾಳೆ. ಬೆಳಗ್ಗೆ ಎದ್ದು ಹಿತ್ತಿಲಲ್ಲಿ ಗುಡ್ಲು ಇದ್ದ ಜಾಗದಲ್ಲಿ ಹೋಗಿ ಕೂರುತ್ತಾಳೆ. ಅಲ್ಲಿ ಈಗ ಏನೂ ಇಲ್ಲ, ಕಂಬ ನೆಟ್ಟ ನಾಲ್ಕು ಗುಳಿ ಇವೆ.

ನಾನು ಬೈದೆ. ನಿನ್ನ ಹತ್ತಿರ ಸುಳ್ಳೇಕೆ, ಚೆನ್ನಾಗಿಯೇ ಬೈದೆ. ಕೊಬ್ಬು ಎಂದೆ. ನಮ್ಮ ಕಾಲದಲ್ಲಿ ಹೀಗೆ ಕೂತಿದ್ದರೆ ಬೆನ್ನಿನ ಮೇಲೆ ಬರೆ ಏಳುತ್ತಿತ್ತು ಎಂದೆ. ಅವಳು ತಿರುಗಿ ಒಂದು ಮಾತು ಆಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಮೊದಲೆಲ್ಲ ಒಂದಕ್ಕೆ ನಾಲ್ಕು ಆಡುತ್ತಿದ್ದವಳು. ಈಗ ನನ್ನ ಮುಖವನ್ನೇ ನೋಡುತ್ತ ಕೂರುತ್ತಾಳೆ, ನಾನು ಬೇರೆ ಯಾರಿಗೋ ಬೈಯುತ್ತಿದ್ದೇನೆ ಎನ್ನುವ ಹಾಗೆ.

ಆಮೇಲೆ ತಾಯಿತ ಕಟ್ಟುವ ಕರಿಬಸಪ್ಪನವರನ್ನು ಕರೆಸಿದೆ. ಹಸಿ ಗುಡ್ಲಿನಲ್ಲಿ ಗಾಳಿ ಮೆಟ್ಟಿದೆ, ಕಿಂಡಿ ಬಿಟ್ಟದ್ದೇ ತಪ್ಪು ಎಂದರು. ನಿನ್ನ ಕಿಟಕಿಯ ಮೇಲೆ ನನಗೆ ಮೊದಲೇ ಸಿಟ್ಟಿತ್ತು, ಸರಿ ಎಂದುಕೊಂಡು ತೋಳಿಗೆ ಕಟ್ಟಿಸಿದೆ. ಬೇವಿನ ಸೊಪ್ಪಿನಲ್ಲಿ ಇಳಿ ತೆಗೆದರು. ಹುಡುಗಿ ಕಲ್ಲಿನ ಹಾಗೆ ನಿಂತಿದ್ದಳು. ನಿನ್ನ ಭಾವ ಜಗಲಿಯ ಮೇಲೆ ಕೂತಿದ್ದವರು ಎದ್ದು ಬಂದು, "ಸಾಕು ಬುಡು ಲಿಂಗಿ, ಮಗೀಗೆ ಚಳಿ ಆಯ್ತದೆ" ಎಂದು ಹೆಗಲ ಮೇಲಿನ ಕಂಬಳಿ ತೆಗೆದು ಅವಳಿಗೆ ಹೊದಿಸಿ ಒಳಗೆ ಕರೆದುಕೊಂಡು ಹೋದರು. ಅವರು ವರ್ಷಕ್ಕೆ ನಾಲ್ಕು ಮಾತು ಆಡುವವರು, ಅದು ಒಂದಾಯಿತು.

ನಿನ್ನ ಕಾಗದ ಬಂದ ದಿನ ಎಂದಿನ ಹಾಗೆ ಹಾಳೆ, ಪೆನ್ನು ತಂದು ಅವಳ ಮುಂದಿಟ್ಟು "ಮಾವನಿಗೆ ಎರಡು ಗೆರೆ ಬರಿ ಮಗ" ಎಂದೆ. ಅವಳು ಎರಡೂ ಕೈಗಳನ್ನು ಕಂಕುಳಲ್ಲಿ ಹುದುಗಿಸಿಕೊಂಡಳು. ಎಳೆದರೂ ತೆಗೆಯಲಿಲ್ಲ. ಅಯ್ಯೋ, ಕೈಗೆ ಏನೋ ಆಗಿದೆ, ನರ ಹಿಡಿದಿದೆ, ಅದಕ್ಕೇ ಹೀಗೆ ಎಂದು ಅವತ್ತಿನಿಂದ ದಿನಾ ಸಂಜೆ ಹರಳೆಣ್ಣೆ ಬಿಸಿ ಮಾಡಿ ಬಲಗೈ ತಿಕ್ಕುತ್ತಿದ್ದೇನೆ.

ಹೋದ ವಾರ ಮಡಿಕೇರಿಯ ದೊಡ್ಡ ಆಸ್ಪತ್ರೆಗೂ ಹೋಗಿ ಬಂದೆವು. ವಯಸ್ಸಾದ ಡಾಕ್ಟರು. ಎದೆಗೆ ಕೊಳವೆ ಇಟ್ಟರು, ಕೈ ಮಡಿಸಿ ಬಿಡಿಸಿ ನೋಡಿದರು, ಕಣ್ಣು ನೋಡಿದರು. ಮೈಯಲ್ಲಿ ಏನೂ ಇಲ್ಲಮ್ಮ, ಮನಸ್ಸಿಗೆ ಏನೋ ಆಗಿದೆ, ಮನೆಯಲ್ಲಿ ಬೈಯುತ್ತೀರಾ ಎಂದು ಕೇಳಿದರು. ಬೈಯದೆ ಮಕ್ಕಳನ್ನು ಸಾಕುವುದು ಹೇಗೆ ಸ್ವಾಮಿ ಎಂದೆ. ಅವರಿಗೆ ನಗು ಬಂತು. ಸ್ವಲ್ಪ ದಿನ ಬೈಯದೆಯೂ ಸಾಕಿ ನೋಡಿ ಎಂದರು. ನಿದ್ದೆಗೆ, ಹಸಿವಿಗೆ ಎಂದು ಒಂದು ಕೆಂಪು ಔಷಧಿ ಕೊಟ್ಟರು. ಇವಳಿಗೆ ಯಾವುದರ ಭಯ ಇದೆ ಎಂದು ನೀವು ಕೇಳಬೇಡಿ, ಅವಳೇ ಹೇಳುವ ಹಾಗೆ ಇರಿ ಎಂದರು. ಕೇಳದೆ ಹೇಗೆ ಗೊತ್ತಾಗುತ್ತದೆ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದೆ, ಅರ್ಥವಾಗಲಿಲ್ಲ.

ಸುಂಟಿಕೊಪ್ಪದಲ್ಲಿ ಬಸ್ಸು ನಿಂತಾಗ ನಿನ್ನ ಭಾವ ಇಳಿದು ಕಿತ್ತಳೆ ತಂದು ಅವಳ ಮಡಿಲಿಗೆ ಹಾಕಿದರು. ತಿನ್ನು ಎನ್ನಲಿಲ್ಲ. ಅವಳು ಅಲ್ಲಿಂದ ಕುಶಾಲನಗರದವರೆಗೆ ಒಂದು ಹಣ್ಣನ್ನು ನಿಧಾನವಾಗಿ ಬಿಡಿಸಿ, ಒಂದೊಂದೇ ತೊಳೆ ತಿಂದಳು. ನಾನು ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಎರಡು ತಿಂಗಳಲ್ಲಿ ಅವಳು ಇಷ್ಟಪಟ್ಟು ತಿಂದದ್ದು ಅದೊಂದೇ.

ಹೊರಗೆ ಯಾರೋ ಕೂಗುತ್ತಿದ್ದಾರೆ. ಉಳಿದದ್ದು ಆಮೇಲೆ ಬರೆಯುತ್ತೇನೆ.

ಮಂಗಳವಾರ

ಅವತ್ತು ಕೂಗಿದವರು ಸ್ಕೂಲಿನ ಬೊಳ್ಳಮ್ಮ ಟೀಚರ್. ವನಜ ಸ್ಕೂಲಿಗೆ ಬರದೆ ಎರಡು ತಿಂಗಳಾಯಿತೆಂದು ಭಾನುವಾರ ಬಿಡುವು ಮಾಡಿಕೊಂಡು ಬಂದಿದ್ದರು. ಸೀರೆಯನ್ನು ಕೊಡವರ ಹಾಗೆ ನಿರಿಗೆ ಹಿಂದಕ್ಕೆ ಮಾಡಿ ಉಟ್ಟುಕೊಂಡು, ಕೊಡೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು. ಸ್ಕೂಲು ಯಾಕೆ ಬಿಡಿಸಿದಿರಿ ಎಂದು ಕೇಳುತ್ತಾರೆ ಎಂದುಕೊಂಡೆ.

"ಲಿಂಗಮ್ಮ, ನಾನು ಬೈಲಿಕ್ಕೆ ಬಂದದ್ದಲ್ಲ. ಹುಡುಗಿ ಎಲ್ಲುಂಟು?" ಎಂದರು.

ಹಿತ್ತಿಲು ತೋರಿಸಿದೆ. ಅವರು ಹೋಗಿ ಆ ಗುಳಿಗಳ ಪಕ್ಕ, ಒಳ್ಳೆಯ ಸೀರೆಯಲ್ಲಿ, ನೆಲದ ಮೇಲೆ ಕೂತರು. ನಾನು ಮಣೆ ತಗೊಂಡು ಓಡಿದರೆ ಕೈಸನ್ನೆ ಮಾಡಿ ವಾಪಸ್ಸು ಕಳಿಸಿದರು. ವನಜಳ ಮುಂದೆ ಅವರೆಕಾಯಿಯ ಮೊರ ಇತ್ತು. ಟೀಚರೂ ಬಿಡಿಸತೊಡಗಿದರು. ಒಂದು ಗಂಟೆ ಹೊತ್ತು ಇಬ್ಬರೂ ಕಾಯಿ ಬಿಡಿಸಿದ್ದೇ ಬಿಡಿಸಿದ್ದು, ಒಂದು ಮಾತಿಲ್ಲ. ನಾನು ಅಡುಗೆಮನೆಯ ಬಾಗಿಲಿಗೆ ಕಿವಿ ಕೊಟ್ಟು ನಿಂತು ಕಾಲು ನೋವು ಬಂತು. ಏನೋ ಓದಿಸುತ್ತಾರೆ, ಬುದ್ಧಿ ಹೇಳುತ್ತಾರೆ ಎಂದರೆ ಹೀಗೆ.

ಹೋಗುವಾಗ ನನ್ನನ್ನು ಗೇಟಿನವರೆಗೆ ಕರೆದುಕೊಂಡು ಹೋದರು. "ನೀವು ಹೀಗೇ ಮಾಡಿ. ಹತ್ತಿರ ಕೂತ್ಕೊಳ್ಳಿ, ಕೈಗೆ ಎಂತಾದ್ರೂ ಕೆಲಸ ಇಟ್ಕೊಳ್ಳಿ. ಅವಳು ಹೇಳಿದ್ರೆ ಕೇಳಿ. ನಡುವಲ್ಲಿ ಬಾಯಿ ಹಾಕ್ಬೇಡಿ."

"ಎಷ್ಟು ದಿನ ಟೀಚರೇ?"

"ಅದು ನನಗೆ ಗೊತ್ತಿಲ್ಲ. ನನ್ನ ತಂಗಿಗೆ ಒಂದು ಮಳೆಗಾಲ ಆಯ್ತು" ಎಂದು ಕೊಡೆ ಬಿಚ್ಚಿಕೊಂಡು ನಡೆದರು. ತಂಗಿ ಈಗ ಹೇಗಿದ್ದಾಳೆ ಎಂದು ಕೇಳಬೇಕಿತ್ತು, ಆಗ ಹೊಳೆಯಲಿಲ್ಲ.

ನೀನೇ ಹೇಳು, ನಾನು ಬಾಯಿ ಹಾಕದೆ ಇರುವುದು ಎಂದರೆ ಸಾಮಾನ್ಯವೇ. ನಿನ್ನೆ ಅವಳ ಹತ್ತಿರ ಕೂತು ಒಂದು ಮೊರ ಅವರೆ ಮುಗಿಯುವವರೆಗೆ ತುಟಿ ಬಿಚ್ಚಲಿಲ್ಲ. ನಿನ್ನ ಭಾವ ಎರಡು ಸಲ ಬಂದು ನೋಡಿ, ನನಗೂ ಮೈ ಸರಿಯಿಲ್ಲವೇ ಎಂದು ಕೇಳಿದರು. ಸುಮ್ಮನೆ ಕೂತರೆ ಏನೇನೋ ಕಾಣುತ್ತದೆ ತಮ್ಮ. ಅವಳ ಉಗುರು ಕಚ್ಚಿ ಕಚ್ಚಿ ರಕ್ತ ಬಂದು ಒಣಗಿದೆ. ದಿನಾ ಎಣ್ಣೆ ತಿಕ್ಕುತ್ತಿದ್ದ ಕೈ, ನಾನು ನೋಡಿಯೇ ಇರಲಿಲ್ಲ. ತಿಕ್ಕುವಾಗ ಬಾಯಿ ನಡೆಯುತ್ತಿತ್ತಲ್ಲ, ಕಣ್ಣು ಎಲ್ಲಿರುತ್ತಿತ್ತೋ.

ನನಗೆ ಒಂದೂ ತಿಳಿಯುವುದಿಲ್ಲ. ಹೊಟ್ಟೆಗೆ ಹಾಕಿದ್ದೇವೆ, ಬಟ್ಟೆ ಕೊಟ್ಟಿದ್ದೇವೆ, ಎಂಟನೇ ಕ್ಲಾಸಿನವರೆಗೆ ಓದಿಸಿದ್ದೇವೆ, ನಮ್ಮ ಕೇರಿಯಲ್ಲಿ ಯಾರು ಓದಿಸಿದ್ದಾರೆ. ಗೊತ್ತಿಲ್ಲದ ಮನೆಗೆ ಕೊಡುತ್ತಿಲ್ಲ, ಅಜ್ಜಿಯ ಮನೆಗೇ ಹೋಗುವವಳು. ಎಲ್ಲಿ ತಪ್ಪಾಯಿತು ಎಂದು ನಾನು ಹುಡುಕುವುದು, ತಪ್ಪೇನೂ ಇಲ್ಲ ಎಂದು ನಾನೇ ಹೇಳಿಕೊಳ್ಳುವುದು, ದಿನವೆಲ್ಲ ಇದೇ ಆಗಿದೆ.

ಗುರುವಾರ

ನಿನ್ನೆ ಸಂಜೆ ವನಜ ಮಾತಾಡಿದಳು.

ಬೆಳಗ್ಗೆ ಅವಳ ಅಪ್ಪ ಗದ್ದೆಗೆ ಹೊರಟವರು ಬಾಗಿಲಲ್ಲಿ ನಿಂತು, "ಬತ್ತೀಯೇನವ್ವ, ಗುಬ್ಬಿ ಓಡಿಸನ" ಎಂದರು. ಎದ್ದು ಹೋದಳು. ಮಧ್ಯಾಹ್ನದವರೆಗೆ ಬದುವಿನ ಮೇಲೆ ಇಬ್ಬರೂ ಕೂತಿದ್ದರಂತೆ. ಗುಬ್ಬಿ ಓಡಿಸಿದಳಾ ಎಂದರೆ, "ಇಲ್ಲ, ಗುಬ್ಬಿ ತಿಂದ್ವು, ನಾವು ನೋಡ್ಕೊಂಡ್ ಕೂತಿದ್ವಿ" ಎಂದರು. ಬೇರೆ ದಿನವಾಗಿದ್ದರೆ ನಾನು ಸುಮ್ಮನಿರುತ್ತಿರಲಿಲ್ಲ.

ಸಂಜೆ ಎಂದಿನಂತೆ ಎಣ್ಣೆ ಬಿಸಿ ಮಾಡಿ ಅವಳ ಕೈ ಹಿಡಿದೆ. ಬಾಯಿ ಮುಚ್ಚಿಕೊಂಡು ತಿಕ್ಕುತ್ತಿದ್ದೆ. ಎಷ್ಟೋ ಹೊತ್ತಾದ ಮೇಲೆ, "ಅವ್ವ, ಕೈಗೆ ಏನೂ ಆಗಿಲ್ಲ" ಎಂದಳು. ಎರಡು ತಿಂಗಳ ಮೇಲೆ ಕೇಳಿದ ದನಿ, ಕಟ್ಟಿಕೊಂಡು ಒರಟಾಗಿತ್ತು. ನಾನು ತಿಕ್ಕುವುದನ್ನು ನಿಲ್ಲಿಸಲಿಲ್ಲ. ಆಮೇಲೆ ಇನ್ನೂ ಒಂದೆರಡು ಮಾತು ಆಡಿದಳು. ಅಳುತ್ತ ನನ್ನ ತೊಡೆಯ ಮೇಲೇ ಮಲಗಿ ನಿದ್ದೆ ಹೋದಳು. ಒಲೆಯ ಮೇಲಿನ ಸಾರು ಸೀದು ಹೋಯಿತು, ನಾನು ಏಳಲಿಲ್ಲ.

ಇವತ್ತು ಮತ್ತೆ ಮೌನ. ವಾಸಿಯಾಯಿತು ಎಂದು ನಾನು ಹೇಳುವುದಿಲ್ಲ. ಆದರೆ ಬೆಳಗ್ಗೆ ಅರ್ಧ ರೊಟ್ಟಿ ತಿಂದಳು. ತಾಯಿತ ಬಿಚ್ಚಿ ನನ್ನ ಕೈಗೆ ಕೊಟ್ಟಳು, ಇಸಿದುಕೊಂಡು ಸುಮ್ಮನಾದೆ.

ಲಗ್ನದ ಮಾತನ್ನು ಈಗ ಎತ್ತಬೇಡ ತಮ್ಮ. ಅವ್ವನಿಗೂ ಹೇಳು, ಹುಡುಗಿಗೆ ಮೈ ಸರಿಯಿಲ್ಲ, ಈ ಮಾಘಕ್ಕೆ ಆಗುವುದಿಲ್ಲ. ಕೋಪ ಮಾಡಿಕೊಂಡರೆ ನನ್ನ ಮೇಲೆ ಮಾಡಿಕೊಳ್ಳಲಿ, ಅವಳಿಗೆ ಅದು ಹೊಸದಲ್ಲ. ಅವಳ ಮಂಡಿಗೆ ಹುರುಳಿ ಬಿಸಿ ಮಾಡಿ ಗಂಟು ಕಟ್ಟಿ ಶಾಖ ಕೊಡು. ನಿನ್ನ ಹೊಸ ಎತ್ತುಗಳಿಗೆ ಯಾರ ಕಣ್ಣೂ ತಾಕದಿರಲಿ. ನಿನ್ನ ಗದ್ದೆ ಮನೆ ತುಂಬಿರಲಿ, ನೀನು ನೂರು ಕಾಲ ಚೆನ್ನಾಗಿ ಬಾಳು.

ಇಂತಿ ನಿನ್ನ ಅಕ್ಕ,
ಲಿಂಗಮ್ಮ

ಪುಟ್ಟರಾಜು, ಮೇಲಿನದನ್ನು ಅವ್ವನಿಗೆ ಓದಿ ಹೇಳು. ಇಲ್ಲಿಂದ ಕೆಳಗಿನದು ನಿನಗೊಬ್ಬನಿಗೆ.

ಗುಡ್ಲಿಗೆ ಕೂರಿಸಿದ ಮೊದಲ ದಿನವೇ ನಾನು ಅವಳ ಸ್ಕೂಲಿನ ಪುಸ್ತಕಗಳನ್ನೆಲ್ಲ ತೆಗೆದು ಅಟ್ಟಕ್ಕೆ ಹಾಕಿದ್ದೆ. ಮೈಲಿಗೆಯಲ್ಲಿ ಸರಸ್ವತಿಯನ್ನು ಮುಟ್ಟಬಾರದು ಎಂದೆ. ಒಂದೇ ಒಂದು ಕೊಡು ಎಂದು ಗೋಗರೆದಳು, ಕೊಡಲಿಲ್ಲ. ಒಂಬತ್ತನೆಯ ದಿನ, ನಂಟರಿಗೆ ತೋರಿಸಲು ಲಗ್ನದ ಮಾತು ಕಾಗದದಲ್ಲಿ ಇರಲಿ ಎಂದು ಅವ್ವ ಹೇಳಿ ಕಳಿಸಿದಳಲ್ಲ, ಆಗ ಬರೆಯಲು ನನಗೆ ಯಾರಿದ್ದರು. ಪುಸ್ತಕ ಮುಟ್ಟಬೇಡ ಎಂದ ನಾನೇ ನೀನು ಬಿಟ್ಟ ಕಿಂಡಿಯಲ್ಲಿ ಹಾಳೆ, ಪೆನ್ನು ತೂರಿಸಿದೆ. ಹೊರಗೆ ಕೂತು ಹೇಳಿದೆ: ವನಜ ಈ ಸಂಬಂಧಕ್ಕೆ ಒಪ್ಪಿದ್ದಾಳೆ, ಸಂತೋಷವಾಗಿದ್ದಾಳೆ, ಸ್ಕೂಲು ಬಿಡಿಸಿದ್ದೇವೆ. ಸ್ಕೂಲು ಬಿಡಿಸಿದ್ದು ಅವಳಿಗೆ ಗೊತ್ತಾದದ್ದೂ ಹಾಗೆಯೇ.

ನನ್ನ ಕಾಗದ ಬರೆಯುವಾಗ ಅವಳು ಯಾವಾಗಲೂ ಜಗಳವಾಡುತ್ತಿದ್ದಳು. ಅವ್ವ, ಇದು ಚೆನ್ನಾಗಿಲ್ಲ, ಇದನ್ನ ಬರಿಯಲ್ಲ ಎನ್ನುತ್ತಿದ್ದಳು. ಅವತ್ತು ಒಂದು ಸಲ ಮಾತ್ರ ಕೇಳಿದಳು, "ಒಪ್ಪಿದಾಳೆ ಅಂತ ಬರೀಬೇಕಾ ಅವ್ವ?" ನಾನು "ಬರಿ, ಒಪ್ಪದೆ ಏನು" ಎಂದೆ. ಆಮೇಲೆ ಹೇಳಿದ್ದನ್ನೆಲ್ಲ ಬರೆದು ಕಿಂಡಿಯಿಂದ ವಾಪಸ್ಸು ಕೊಟ್ಟಳು. ಎಷ್ಟು ಬುದ್ಧಿ ಬಂತು ಹುಡುಗಿಗೆ ಎಂದುಕೊಂಡೆ. ನೀನು ಊರಿಗೆಲ್ಲ ತೋರಿಸಿದ ಮುದ್ದಾದ ಅಕ್ಷರ ಅದೇ.

ನಿನ್ನೆ ಅವಳು ಹೇಳಿದ್ದು ಇದು: "ನನ್ ಕೈಯಾರೆ ಬರ್ದು ಕೊಟ್ಟಿದೀನಲ್ಲ ಅವ್ವ. ಈಗ ಇಲ್ಲ ಅಂದ್ರೆ ಯಾರು ನಂಬ್ತಾರೆ?" ನಿನ್ನ ಮೇಲೆ ಕೋಪ ಇಲ್ಲ ಅವಳಿಗೆ. "ಮಾವ ಒಳ್ಳೇವ್ರು, ಅದಕ್ಕೇ ಇಲ್ಲ ಅನ್ನಕೆ ಬಾಯಿ ಬರ್ಲಿಲ್ಲ" ಎಂದಳು.

ನನ್ನನ್ನು ಹದಿಮೂರಕ್ಕೆ ಕೊಟ್ಟರು, ಯಾರೂ ಕೇಳಲಿಲ್ಲ, ನಾನೇನೂ ಮಾತು ಬಿಡಲಿಲ್ಲ. ಬಿಟ್ಟಿದ್ದೆನೋ ಏನೋ. ಅವ್ವನಿಗೆ ನೆನಪಿರಬಹುದು, ಕೇಳಬೇಡ.

ಗುಡ್ಲಲ್ಲಿ ಅವಳು ಬರೆದ ಆ ಕಾಗದವನ್ನು ಹಿಂದಕ್ಕೆ ಕಳಿಸು. ಅದನ್ನು ಅವಳ ಕೈಗೇ ಕೊಡಬೇಕು. ಊರ ಮುಂದೆ ನಿನಗೆ ತಲೆ ತಗ್ಗಿಸುವ ಹಾಗಾಗುತ್ತದೆ, ಅದು ನನಗೆ ಗೊತ್ತು. ಬಂದು ನನ್ನನ್ನು ಬೈದು ಹೋಗು. ಯಾರಾದರೂ ಕೇಳಿದರೆ ಇದನ್ನು ತೋರಿಸು. ಅಕ್ಷರ ಚೆನ್ನಾಗಿಲ್ಲ, ಆದರೆ ಕೈ ನನ್ನದೇ. ವನಜ ಒಪ್ಪಿರಲಿಲ್ಲ. ನಾನು ಅವಳನ್ನು ಕೇಳಿರಲೇ ಇಲ್ಲ.